ನಳ್ಳಿ ಕಳಚುವ ಮುನ್ನ ಗಿಡದೊಳಗೆ ಏನಾಗುತ್ತದೆ?

ಬೇಸಿಗೆ ಕಾವೇರಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಮರದ ಬುಡದ ತುಂಬ ನಳ್ಳಿ, ಅಂದರೆ ಉದುರಿದ ಎಳೆ ಅಡಿಕೆಕಾಯಿ. ಹೆಚ್ಚಿನವು ಗಾಳಿಗೆ ಮುರಿದು ಬಿದ್ದವಲ್ಲ. ತೊಟ್ಟಿನ ಬಳಿಯ ಕೆಲವೇ ಸಾಲು ಜೀವಕೋಶಗಳು ತಮ್ಮ ನಡುವಿನ ಪೆಕ್ಟಿನ್ ಅಂಟನ್ನು ಕರಗಿಸಿ ಕಾಯಿಯನ್ನು ತಾವೇ ಕಳಚಿಬಿಡುತ್ತವೆ. ಈ ಅಪ್ಪಣೆ ಎಲ್ಲಿಂದ ಬರುತ್ತದೆ ಎಂಬುದರ ಸುಳಿವು ಸಿಕ್ಕಿದ್ದು ಅಡಿಕೆಯಿಂದಲ್ಲ, ಟೊಮೆಟೊ ಮತ್ತು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಕಳೆಯಿಂದ.

1990ರ ತನಕ ಪಠ್ಯಪುಸ್ತಕಗಳಲ್ಲಿ ಸಸ್ಯ ಹಾರ್ಮೋನು ಎಂದರೆ ಮುಖ್ಯವಾಗಿ ಐದು: ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್, ಎಥಿಲೀನ್, ಆಬ್ಸಿಸಿಕ್ ಆಮ್ಲ. ಅಮಿನೊ ಆಮ್ಲಗಳನ್ನು ಮಣಿಯಂತೆ ಪೋಣಿಸಿದ, ಇನ್ಸುಲಿನ್ ಥರದ ಪೆಪ್ಟೈಡ್ ಹಾರ್ಮೋನು ಪ್ರಾಣಿಗಳದ್ದೆಂದೇ ತಿಳಿದಿದ್ದರು. 1991ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ ಅವರ ತಂಡ ಟೊಮೆಟೊ ಎಲೆಯಿಂದ 18 ಅಮಿನೊ ಆಮ್ಲಗಳ ಸಿಸ್ಟಮಿನ್ ಅನ್ನು ಬೇರ್ಪಡಿಸಿತು. ಒಂದು ಎಲೆಯನ್ನು ಹುಳು ತಿಂದರೆ ದೂರದ ಎಲೆಯೂ ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೋಟೀನು ತಯಾರಿಸುತ್ತದೆ. ಆ ಸುದ್ದಿ ಒಯ್ಯುವುದು ಸಿಸ್ಟಮಿನ್ನೇ ಎಂದು ನಂಬಲಾಯಿತು. 2002ರಲ್ಲಿ ಕಸಿ ಕಟ್ಟಿ ನೋಡಿದಾಗ ಲೆಕ್ಕ ತಪ್ಪಿತು. ದೂರಕ್ಕೆ ಹೋಗುವ ಸುದ್ದಿ ಜಾಸ್ಮೋನಿಕ್ ಆಮ್ಲ ಎಂಬ ಇನ್ನೊಂದು ಸಸ್ಯ ಹಾರ್ಮೋನಿನ ದಾರಿಯದು, ಸಿಸ್ಟಮಿನ್ ಗಾಯದ ಆಸುಪಾಸಿನಲ್ಲಿ ಅದನ್ನು ಎಬ್ಬಿಸುತ್ತದೆ. ಸಿಸ್ಟಮಿನ್‌ನ ರಿಸೆಪ್ಟರ್ (ಹಾರ್ಮೋನನ್ನು ಹಿಡಿದು ಸುದ್ದಿಯನ್ನು ಕೋಶದೊಳಕ್ಕೆ ದಾಟಿಸುವ ಪ್ರೋಟೀನು) ಎಂದು ಮೊದಲು ಗುರುತಿಸಿದ್ದೂ ಬೇರೆ ಹಾರ್ಮೋನಿನದಾಗಿತ್ತು. ನಿಜವಾದದ್ದು ಸಿಕ್ಕಿದ್ದು 2018ರಲ್ಲಿ.

ಈ ನಡುವೆ ಸುಳಿಯ ಗುಟ್ಟೂ ಬಿಚ್ಚಿಕೊಂಡಿತು. ತೆಂಗಿಗೂ ಅಡಿಕೆಗೂ ಇರುವುದು ಒಂದೇ ಸುಳಿ, ಅದು ಕೊಳೆತರೆ ಮರ ಹೋಯಿತು. ಸುಳಿಯ ಮೊಳೆಯಲ್ಲಿ ಬುಡಕೋಶಗಳು (ಹೊಸ ಅಂಗಗಳಿಗೆ ಮೂಲವಾಗುವ ಸ್ಟೆಮ್ ಸೆಲ್) ಎಷ್ಟಿರಬೇಕು ಎಂಬುದಕ್ಕೆ ಅರಾಬಿಡಾಪ್ಸಿಸ್‌ನಲ್ಲಿ ಕಡಿವಾಣ ಹಾಕುವುದು ಕ್ಲಾವಾಟಾ-3 ಎಂಬ ಪೆಪ್ಟೈಡ್. ವುಶೆಲ್ ಎಂಬ ಪ್ರೋಟೀನು ಬುಡಕೋಶಗಳನ್ನು ಹೆಚ್ಚಿಸುತ್ತದೆ. ಹೆಚ್ಚಿದ ಕೋಶಗಳು ಕ್ಲಾವಾಟಾ-3 ಸುರಿಸಿ ವುಶೆಲ್‌ನ್ನೇ ತಗ್ಗಿಸುತ್ತವೆ. ಕ್ಲಾವಾಟಾ-3ರ ರಿಸೆಪ್ಟರ್‌ನ ಜೀನು 1997ರಲ್ಲಿ, ಪೆಪ್ಟೈಡಿನ ಜೀನು 1999ರಲ್ಲಿ ಪತ್ತೆಯಾಯಿತು. ಕಡಿವಾಣ ಸಡಿಲವಾದರೆ ಮೊಳೆ ಊದಿಕೊಂಡು ಹೂವಿನ ಭಾಗಗಳು ಹೆಚ್ಚುತ್ತವೆ. ಕಾಡು ಟೊಮೆಟೊ ಕೊಯ್ದರೆ ಎರಡೇ ಗೂಡು. ದಪ್ಪ ಟೊಮೆಟೊ ತಳಿಗಳಲ್ಲಿ ಎಂಟೋ ಹತ್ತೋ ಗೂಡು ಇರುವುದಕ್ಕೆ ಇದೇ ವ್ಯವಸ್ಥೆಯ ಏರುಪೇರು ಒಂದು ಕಾರಣ.

ಕಳಚುವ ಅಪ್ಪಣೆಗೆ ಬರೋಣ. 2003ರಲ್ಲಿ ನಾರ್ವೆಯ ಸಂಶೋಧಕರು ಎಸಳು ಉದುರದ ಅರಾಬಿಡಾಪ್ಸಿಸ್ ಗಿಡದಲ್ಲಿ ಕೆಟ್ಟಿರುವ ಜೀನು ಹುಡುಕಿ ಅದಕ್ಕೆ ಐಡಿಎ ಎಂದು ಹೆಸರಿಟ್ಟರು. ಅದು ಕೊಡುವ 77 ಅಮಿನೊ ಆಮ್ಲಗಳ ಪ್ರೋಟೀನಿನಿಂದ ಕತ್ತರಿಸಿ ತೆಗೆದ 14ರ ತುಂಡೇ ಹಾರ್ಮೋನು. ಹೇಸಾ ಎಂಬ ರಿಸೆಪ್ಟರ್‌ನ ಹೊರಭಾಗ ಸುರುಳಿಯಂತಿದೆ. ಪೆಪ್ಟೈಡ್ ಅದರ ಒಳಬದಿಯಲ್ಲಿ ಮಲಗುತ್ತದೆ, ಸರ್ಕ್-1 ಎಂಬ ಜೊತೆ ರಿಸೆಪ್ಟರ್ ಬಂದು ಮುಚ್ಚುತ್ತದೆ. ಆಮೇಲೆ ಪೊರೆಯ ಒಳಗಿನ ಕೈನೇಸ್ ಭಾಗಗಳು (ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಸುದ್ದಿ ದಾಟಿಸುವ ಕಿಣ್ವ) ಎಚ್ಚರಗೊಂಡು, ಅಂಟು ಕರಗಿಸುವ ಕಿಣ್ವಗಳು ಹೊರಬರುತ್ತವೆ. ಪೆಪ್ಟೈಡಿನ ನಡುವಿನ ಪ್ರೋಲಿನ್ ಎಂಬ ಒಂದು ಅಮಿನೊ ಆಮ್ಲಕ್ಕೆ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಸೇರದಿದ್ದರೆ ಹಿಡಿತವೇ ಸಡಿಲ. 2016ರಲ್ಲಿ ಇದರ ರಚನೆ ಸ್ಪಷ್ಟವಾಯಿತು. ಅಡಿಕೆಯ ಬಂಧುವಾದ ತಾಳೆಎಣ್ಣೆ ಮರದಲ್ಲೂ ಐಡಿಎ ಕುಟುಂಬದ ಜೀನುಗಳಿವೆ.

ಇಷ್ಟು ತಿಳಿದರೆ ಅಂಗಡಿಯ ಬಾಟಲಿಗಳನ್ನು ನೋಡುವ ರೀತಿ ಬದಲಾಗುತ್ತದೆ. 'ಅಮಿನೊ ಆಮ್ಲ' ಎಂದು ಮಾರುವ ದ್ರಾವಣದಲ್ಲಿರುವುದು ಬಿಡಿ ಮಣಿಗಳು ಮತ್ತು ಅಡ್ಡಾದಿಡ್ಡಿ ತುಂಡುಗಳು. ಮಣಿಗಳ ಸಾಲು ತಪ್ಪಿದರೆ ರಿಸೆಪ್ಟರ್‌ಗೆ ಅದು ಅಪ್ಪಣೆಯಲ್ಲ, ಗೊಬ್ಬರ ಅಷ್ಟೆ. ಕಾಯಿ ಉದುರದಿರಲೆಂದು ಸಿಂಪಡಿಸುವ ಎನ್‌ಎಎ (ನ್ಯಾಫ್ಥಲೀನ್ ಅಸಿಟಿಕ್ ಆಮ್ಲ) ಆಕ್ಸಿನ್ ವರ್ಗದ್ದು. ಅದು ತೊಟ್ಟಿನ ಕೋಶಗಳು ಉದುರುವುದನ್ನು ಚುರುಕುಗೊಳಿಸುವ ಎಥಿಲೀನಿಗೆ ಓಗೊಡುವುದನ್ನು ತಡ ಮಾಡೀತು, ಮೂಲ ಕಾರಣವನ್ನು ತೆಗೆಯದು.

ಹಾಗಾಗಿ ಸಿಂಪಡಿಸುವ ಮೊದಲು ಬಿದ್ದ ನಳ್ಳಿ ಹೆಕ್ಕಿ ನೋಡಿ. ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಯಿದ್ದರೆ ರಸ ಹೀರುವ ತಿಗಣೆಯ ಕೆಲಸ. ಸಿಂಗಾರದ (ಹೂಗೊಂಚಲಿನ) ಎಳೆಗಳು ತುದಿಯಿಂದ ಒಣಗುತ್ತ ಬಂದಿದ್ದರೆ ಕೊಲೆಟೊಟ್ರೈಕಮ್ ಶಿಲೀಂಧ್ರ. ಒಣಗಿದ ಸಿಂಗಾರ ಇಳಿಸಿ ತೋಟದಿಂದ ಹೊರಹಾಕಬೇಕು. ಎರಡೂ ಕಾಣದಿದ್ದರೆ ಬುಡದ ಮಣ್ಣು ಅಗೆದು ಹಸಿ ಎಷ್ಟಿದೆಯೆಂದು ನೋಡಿ.