ಕಂಡಕ್ಟರ್ ವಿಷಲ್ ಮತ್ತು ಮುಟ್ಟಿನ ಲೆಕ್ಕ

ಹೋದ ಡಿಸೆಂಬರಿನಲ್ಲಿ ಅಕ್ಕನ ಮಗಳು ಒಂದು ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಜೊತೆಗೆ ಅಕ್ಕನೂ ಇದ್ದಳು. ಹುಡುಗಿಗೆ ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಎರಡೂ ಅಂಡಾಶಯ ‘ಪಾಲಿಸಿಸ್ಟಿಕ್’ ಎಂದು ರಿಪೋರ್ಟಿನಲ್ಲಿ ಬರೆದಿತ್ತು. ‘ಚಿಕ್ಕಮ್ಮ, ಹೊಟ್ಟೆ ತುಂಬಾ ನೀರುಗುಳ್ಳೆ ಇದ್ಯಂತೆ, ಹಾರ್ಮೋನ್ ಇಂಬ್ಯಾಲೆನ್ಸ್ ಅಂತೆ’ ಎಂದವಳೇ ಬ್ಯಾಗಿನಿಂದ ಒಂದು ಡಬ್ಬಿ ತೆಗೆದಳು. ಅಗಸೆ ಬೀಜದ ಪುಡಿ. ತಿಂಗಳ ಮೊದಲರ್ಧ ಅಗಸೆ, ಉಳಿದರ್ಧ ಎಳ್ಳು ತಿಂದರೆ ಹಾರ್ಮೋನೆಲ್ಲ ಬ್ಯಾಲೆನ್ಸ್ ಆಗುತ್ತದೆ ಎಂದು ಯಾವುದೋ ರೀಲ್ಸ್‌ನಲ್ಲಿ ನೋಡಿದ್ದಳಂತೆ. ಅಗಸೆ ಚಟ್ನಿಪುಡಿ ಬಿಸಿ ಅನ್ನಕ್ಕೆ ತುಂಬಾ ಚೆನ್ನಾಗಿರುತ್ತದೆ, ಅದು ಬೇರೆ ವಿಷಯ.

ನನಗೆ ಈ ‘ಬ್ಯಾಲೆನ್ಸ್’ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಆ ಮಾತು ಬಂದ ತಕ್ಷಣ ತಕ್ಕಡಿ ಕಣ್ಣಿಗೆ ಬರುತ್ತದೆ. ಒಂದು ತಟ್ಟೆಯಲ್ಲಿ ಈಸ್ಟ್ರೋಜನ್, ಇನ್ನೊಂದರಲ್ಲಿ ಪ್ರೊಜೆಸ್ಟರಾನ್, ಮೇಲೆದ್ದ ಕಡೆಗೆ ಒಂದು ಹಿಡಿ ಎಳ್ಳು ಸುರಿದರೆ ಮುಳ್ಳು ನೆಟ್ಟಗೆ! ನಮ್ಮ ಮೈಯೇನು ಗಾಂಧಿ ಬಜಾರಿನ ತರಕಾರಿ ಅಂಗಡಿಯಾ? ನಮ್ಮಜ್ಜಿ ಎಲ್ಲಕ್ಕೂ ‘ಉಷ್ಣ’ ಎನ್ನುತ್ತಿದ್ದರು, ಇವಳು ‘ಇಂಬ್ಯಾಲೆನ್ಸ್’ ಎನ್ನುತ್ತಾಳೆ. ಪದ ಬದಲಾಗಿದೆ, ಅಷ್ಟೇ.

ಹಾರ್ಮೋನ್ ವಿಷಯದಲ್ಲಿ ‘ಎಷ್ಟು’ ಎನ್ನುವ ಪ್ರಶ್ನೆ ಎಲ್ಲರಿಗೂ ಗೊತ್ತು. ‘ಎಷ್ಟು ಹೊತ್ತಿಗೊಮ್ಮೆ’ ಎನ್ನುವ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಂಡಕ್ಟರ್ ಒಂದು ಸಲ ವಿಷಲ್ ಊದಿದರೆ ಬಸ್ ನಿಲ್ಲುತ್ತದೆ. ಎರಡು ಸಲ ಊದಿದರೆ ಹೊರಡುತ್ತದೆ. ಅದೇ ವಿಷಲ್, ಅದೇ ಗಾಳಿ. ಜೋರಾಗಿ ಊದಿದರೆ ಬಸ್ ಜೋರಾಗಿ ಹೋಗುವುದಿಲ್ಲ ಅಲ್ವಾ? ಸುದ್ದಿ ಇರುವುದು ಲಯದಲ್ಲಿ. ಇನ್ನು ಆತ ಉಸಿರು ಬಿಡದೆ ‘ಪೀ...’ ಎಂದು ಊದುತ್ತಲೇ ಇದ್ದರೆ ಡ್ರೈವರ್‌ಗೆ ತಲೆ ಕೆಟ್ಟು, ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾನೆ.

ನಮ್ಮೊಳಗಿನ ಕಂಡಕ್ಟರ್ ಹೈಪೊಥಲಾಮಸ್, ಮಿದುಳಿನ ತಳದಲ್ಲಿದೆ. ಅಲ್ಲಿಯ ಹೆಚ್ಚೆಂದರೆ ಕೆಲವು ಸಾವಿರ ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಪುಟ್ಟ ಹಾರ್ಮೋನನ್ನು ಹೊರಬಿಡುತ್ತವೆ. ಹತ್ತೇ ಅಮೈನೊ ಆಮ್ಲಗಳ ಸರ. ರಕ್ತಕ್ಕೆ ಬಂದ ಕೆಲವೇ ನಿಮಿಷದಲ್ಲಿ ಕರಗಿ ಹೋಗುತ್ತದೆ. ಡ್ರೈವರ್ ಎಂದರೆ ಕೆಳಗಿರುವ ಪಿಟ್ಯುಟರಿ ಗ್ರಂಥಿ. ವಿಷಲ್ ಕೇಳಿ ಅದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಅಂಡಾಶಯಕ್ಕೆ ಕಳಿಸುತ್ತದೆ. ಜಿಎನ್‌ಆರ್‌ಎಚ್ ಬೇಗಬೇಗ ಬಂದರೆ ಎಲ್‌ಎಚ್ ಜಾಸ್ತಿ, ನಿಧಾನವಾಗಿ ಬಂದರೆ ಎಫ್‌ಎಸ್‌ಎಚ್‌ಗೆ ಅನುಕೂಲ. ಅಂಡಾಣು ಬಲಿಯುವ ದಿನಗಳಲ್ಲಿ 60ರಿಂದ 90 ನಿಮಿಷಕ್ಕೊಂದು ವಿಷಲ್. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಬಂದು ಬ್ರೇಕ್ ಹಾಕುತ್ತದೆ, ಆಗ 3–4 ಗಂಟೆಗೊಂದು. ಕುಕ್ಕರ್ ಕೂಡ ಹೀಗೇ. ಬೇಳೆಗೆ ಮೂರು ವಿಷಲ್, ಅನ್ನಕ್ಕೆ ಎರಡು ಎಂದು ಎಣಿಸುತ್ತೇವೆಯೇ ಹೊರತು ಎಷ್ಟು ಗ್ರಾಂ ಹಬೆ ಹೋಯಿತು ಎಂದು ಯಾರಾದರೂ ತೂಗುತ್ತಾರಾ?

ಇದು ಗೊತ್ತಾದ ಕಥೆ ಇನ್ನೂ ಸ್ವಾರಸ್ಯ. ರೋಜರ್ ಗಿಲ್ಲಮಿನ್ ಮತ್ತು ಆಂಡ್ರ್ಯೂ ಶಾಲಿ ಎಂಬ ಇಬ್ಬರು ವಿಜ್ಞಾನಿಗಳು ಮಿದುಳಿನ ಹಾರ್ಮೋನುಗಳನ್ನು ಹಿಡಿಯಲು ವರ್ಷಗಟ್ಟಲೆ ಹಠಕ್ಕೆ ಬಿದ್ದವರಂತೆ ಪೈಪೋಟಿ ನಡೆಸಿದರು. ಒಬ್ಬರು ಕಸಾಯಿಖಾನೆಯಿಂದ ಕುರಿ ಮಿದುಳು ತರಿಸಿದರು, ಇನ್ನೊಬ್ಬರು ಹಂದಿಯದು, ಅದೂ ಲಕ್ಷಗಟ್ಟಲೆ. 1971ರಲ್ಲಿ ಜಿಎನ್‌ಆರ್‌ಎಚ್ ರಚನೆ ಗೊತ್ತಾಯಿತು, 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬಹುಮಾನದ ಅರ್ಧ ಪಾಲು ಹೋಗಿದ್ದು ಮಾತ್ರ ರೋಸಲಿನ್ ಯಾಲೋ ಅವರಿಗೆ. ರಕ್ತದಲ್ಲಿ ಕಣದಷ್ಟು ಹಾರ್ಮೋನ್ ಇದ್ದರೂ ಅಳೆಯುವ ವಿಧಾನ ಅವರು ಕೊಟ್ಟದ್ದು.

ಹಾರ್ಮೋನ್ ಕೈಗೆ ಸಿಕ್ಕಿತು, ಇನ್ನೇನು, ಸುರಿದರೆ ಆಯಿತು ಎಂದುಕೊಂಡರು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್ಸ್ಟ್ ನೋಬಿಲ್ ಅವರ ತಂಡ, ಹೈಪೊಥಲಾಮಸ್ ಕೆಲಸ ನಿಲ್ಲಿಸಿದ ರೀಸಸ್ ಕೋತಿಗಳಿಗೆ ಜಿಎನ್‌ಆರ್‌ಎಚ್ ಅನ್ನು ಡ್ರಿಪ್ಸ್ ಹಾಗೆ ಬಿಡದೆ ಹರಿಸಿತು. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ನೆಲ ಕಚ್ಚಿದವು! ಅದೇ ಔಷಧಿಯನ್ನು ಗಂಟೆಗೊಮ್ಮೆ, ಬರೀ 6 ನಿಮಿಷ ಕೊಟ್ಟಾಗ ಎಲ್ಲ ಸರಿಹೋಯಿತು. 1978ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಗಂಟೆಗೆ ಐದು ಸಲ ಕೊಟ್ಟು ನೋಡಿದರು, ಮತ್ತೆ ಕುಸಿತ. ಜಾಸ್ತಿ ಕೊಟ್ಟಷ್ಟೂ ಕಡಿಮೆ! ಪಕ್ಕದ ಮನೆ ಪಾಪು ಕಾಲಿಂಗ್ ಬೆಲ್ ಒತ್ತುತ್ತಲೇ ಇದ್ದರೆ ನಾವು ಬೆಲ್ಲಿನ ವೈರನ್ನೇ ಕೀಳುತ್ತೇವಲ್ಲ, ಪಿಟ್ಯುಟರಿ ಕೋಶಗಳೂ ಹಾಗೇ ತಮ್ಮ ಮೈಮೇಲೆ ಸುದ್ದಿ ಹಿಡಿಯಲು ಇರುವ ಗ್ರಾಹಕಗಳನ್ನು (ರಿಸೆಪ್ಟರ್) ಒಳಗೆಳೆದುಕೊಂಡು ಸುಮ್ನೆ ಕೂರುತ್ತವೆ. ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ), ಗರ್ಭಕೋಶದ ಗೆಡ್ಡೆಗೆ ಡಾಕ್ಟರು ಕೊಡುವ ಲೂಪ್ರೊಲೈಡ್ ಇಂಜೆಕ್ಷನ್ನಿನ ಗುಟ್ಟು ಇದೇ. ಜಿಎನ್‌ಆರ್‌ಎಚ್‌ನಂಥದ್ದನ್ನೇ ಬಿಡದೆ ಕೊಟ್ಟು, ಅಂಡಾಶಯವನ್ನು ಸ್ವಲ್ಪ ಕಾಲ ಮಲಗಿಸುವುದು. (ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, ಎನ್. ಆರ್. ಮೌದ್ಗಲ್ ಅವರ ತಂಡ ಎಲ್‌ಎಚ್, ಎಫ್‌ಎಸ್‌ಎಚ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಅದಕ್ಕೆ ನೆರವಾದದ್ದು, ಮಲ್ಲೇಶ್ವರದ ಮನೆಗಳ ತಾರಸಿಯಲ್ಲಿ ಒಣಹಾಕಿದ ಹಪ್ಪಳ ಕದಿಯುವ ಬಾನೆಟ್ ಜಾತಿಯ ಕೋತಿ.)

ಈಗ ನೀರುಗುಳ್ಳೆಗೆ ಬರೋಣ. ಅವು ಗುಳ್ಳೆಯೇ ಅಲ್ಲ. ಒಂದೊಂದೂ ಒಂದು ಅಂಡಾಣು ಇಟ್ಟುಕೊಂಡ ಪುಟ್ಟ ಕೋಶಕ, 2ರಿಂದ 9 ಮಿಲಿಮೀಟರ್ ಅಷ್ಟೇ. ಬೆಳೆಯುತ್ತಾ ಬಂದು ಅರ್ಧಕ್ಕೆ ನಿಂತಿವೆ. ನಾಲ್ಕೈದು ಬಸ್ಸು ಒಂದೇ ಸ್ಟಾಪಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರಲ್ಲಿ ಇದನ್ನು ವಿವರಿಸಿದರು. ಕಣ್ಣಿಗೆ ಕಂಡದ್ದು ಅಂಡಾಶಯವಾದ್ದರಿಂದ ಹೆಸರೂ ಅದಕ್ಕೇ ಅಂಟಿತು. ಆದರೆ ಗಲಾಟೆಯ ದೊಡ್ಡ ಪಾಲು ಮೇಲಿನ ಲಯದಲ್ಲಿದೆ. ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಇರುವ ಹಲವರಲ್ಲಿ ವಿಷಲ್ ಸದಾ ಅವಸರದಲ್ಲಿರುತ್ತದೆ. ಹಾಗಾಗಿ ಎಲ್‌ಎಚ್ ಜಾಸ್ತಿ. ಅದು ಅಂಡಾಶಯದಿಂದ ಗಂಡಸರ ಹಾರ್ಮೋನುಗಳನ್ನು ಹೆಚ್ಚು ಹೊರಡಿಸುತ್ತದೆ. ಇನ್ಸುಲಿನ್ ಜಾಸ್ತಿ ಇದ್ದರೆ ಅದೂ ಕೈ ಜೋಡಿಸುತ್ತದೆ. ಎಫ್‌ಎಸ್‌ಎಚ್ ಸಾಲದೆ ಅಂಡಾಣು ಬಲಿಯುವುದಿಲ್ಲ. ಅಂಡಾಣು ಹೊರಬರದಿದ್ದರೆ ಪ್ರೊಜೆಸ್ಟರಾನ್ ಇಲ್ಲ, ಪ್ರೊಜೆಸ್ಟರಾನ್ ಇಲ್ಲದಿದ್ದರೆ ಬ್ರೇಕ್ ಇಲ್ಲ, ಬ್ರೇಕ್ ಇಲ್ಲದಿದ್ದರೆ ವಿಷಲ್ ಇನ್ನೂ ಅವಸರ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾಗೆ, ಯಾರು ಮೊದಲು ಅಡ್ಡ ಬಂದರು ಎಂದು ಹೇಳುವುದಕ್ಕೇ ಆಗುವುದಿಲ್ಲ. ಊಟ, ವ್ಯಾಯಾಮದಿಂದ ಕೆಲವರಿಗೆ ಮುಟ್ಟು ಮತ್ತೆ ಹಳಿಗೆ ಬರುವುದು ಈ ಸುತ್ತಿನಲ್ಲಿ ಇನ್ಸುಲಿನ್ ಕೊಂಡಿ ಸಡಿಲವಾಗುವುದರಿಂದ. ಇದರ ಉಲ್ಟಾ ಕಥೆಯೂ ಇದೆ. ಊಟ ಬಿಟ್ಟು, ಜಿಮ್ಮಿನಲ್ಲಿ ಮೈ ಸವೆಸಿಕೊಂಡವರಲ್ಲಿ ವಿಷಲ್ ತೀರಾ ಅಪರೂಪವಾಗಿ ಮುಟ್ಟು ನಿಲ್ಲುತ್ತದೆ. ಎರಡಕ್ಕೂ ಜನ ‘ಇಂಬ್ಯಾಲೆನ್ಸ್’ ಎಂಬ ಒಂದೇ ಚೀಟಿ ಅಂಟಿಸುತ್ತಾರೆ!

ಇನ್ನೊಂದು ಮಜಾ ವಿಷಯ ಹೇಳದೆ ಇರಲಾರೆ. ಈ ಜಿಎನ್‌ಆರ್‌ಎಚ್ ನರಕೋಶಗಳು ಹುಟ್ಟುವುದು ಮಿದುಳಿನಲ್ಲಲ್ಲ, ಭ್ರೂಣದ ಮೂಗಿನ ಜಾಗದಲ್ಲಿ. ಅಲ್ಲಿಂದ ನಡೆದುಕೊಂಡು ಮಿದುಳು ಸೇರುತ್ತವೆ. ದಾರಿ ತಪ್ಪಿದರೆ ಕಾಲ್‌ಮನ್ ಸಿಂಡ್ರೋಮ್. ಆ ಮಕ್ಕಳಿಗೆ ಮಲ್ಲಿಗೆಯ ವಾಸನೆಯೂ ಗೊತ್ತಾಗುವುದಿಲ್ಲ, ತಾವಾಗಿ ಪ್ರಾಯಕ್ಕೂ ಬರುವುದಿಲ್ಲ.

‘ಹಾಗಾದ್ರೆ ಡಾಕ್ಟರು ಕೊಟ್ಟ ಮಾತ್ರೆ?’ ಎಂದಳು ಹುಡುಗಿ. ಕೆಲವು ದಿನ ಪ್ರೊಜೆಸ್ಟರಾನ್ ಥರದ್ದನ್ನು ಕೊಟ್ಟು ನಿಲ್ಲಿಸಿದರೆ, ಗರ್ಭಕೋಶದ ಒಳಪದರ ಆಸರೆ ತಪ್ಪಿ ಕಳಚಿ ಬೀಳುತ್ತದೆ. ತಿಂಗಳುಗಟ್ಟಲೆ ಆ ಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ, ಹಾಗಾಗಿ ಮಾತ್ರೆ ಬೇಕೇ ಬೇಕು. ಮೇಲಿನ ಲಯ ಅದರಿಂದಲೇ ಸರಿಯಾಯಿತು ಎಂದುಕೊಳ್ಳಬಾರದು, ಅಷ್ಟೇ. ಒಂದೇ ಸಲ ರಕ್ತ ಕೊಟ್ಟು ಬಂದ ಎಲ್‌ಎಚ್ ಅಂಕಿ ನೋಡಿ ಗಾಬರಿಯಾಗುವುದೂ ಬೇಡ. ಅದು ಗಂಟೆಗೆ ಗಂಟೆಗೆ ಏರಿಳಿಯುತ್ತದೆ. ಮುಟ್ಟನ್ನು ಏರುಪೇರು ಮಾಡಬಲ್ಲ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳನ್ನೂ ನೋಡಿಸಿದ್ದಾರಾ ಎಂದು ಕೇಳಿದೆ. ನೋಡಿಸಿದ್ದರು.

ಅಷ್ಟು ಹೊತ್ತೂ ಅಕ್ಕ ಅದೇ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದಳು. ಅವಳಿಗೆ 51. ಮುಟ್ಟು ನಿಂತು ವರ್ಷವಾಯಿತು. ವಿಷಲ್ ಊದಲು ಜಿಎನ್‌ಆರ್‌ಎಚ್ ಕೋಶಗಳಿಗೆ ತಾಳ ಹಾಕಿಕೊಡುವ ಇನ್ನೊಂದು ಗುಂಪು ಹೈಪೊಥಲಾಮಸ್‌ನಲ್ಲಿದೆ. ಅವು ಬಳಸುವ ಒಂದು ಅಣುವಿನ ಹೆಸರು ಕಿಸ್‌ಪೆಪ್ಟಿನ್. ಅದರ ಜೀನ್ ಪತ್ತೆಯಾದದ್ದು ಅಮೆರಿಕದ ಹರ್ಷಿ ಊರಿನಲ್ಲಿ, ಅಲ್ಲಿಯ ‘ಕಿಸ್ಸಸ್’ ಚಾಕೊಲೇಟಿನ ಹೆಸರನ್ನೇ ಇಟ್ಟರು. ಈಸ್ಟ್ರೋಜನ್ ಕಡಿಮೆಯಾದಾಗ ಈ ಕೋಶಗಳು ಅಂಕೆ ತಪ್ಪಿ ಕೂಗಾಡುತ್ತವೆ, ಹೈಪೊಥಲಾಮಸ್‌ನಲ್ಲೇ ಇರುವ ಮೈಬಿಸಿ ಕಾಯುವ ಕೇಂದ್ರವನ್ನೂ ಕೆಣಕುತ್ತವೆ. ಇದ್ದಕ್ಕಿದ್ದಂತೆ ಮೈ ಕಾದು ಬೆವರುವುದು ಅದಕ್ಕೇ. ಅವುಗಳ ಕೂಗನ್ನು ತಡೆಯುವ ಫೆಜೋಲಿನೆಟಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

‘ಅಂದ್ರೆ ಇವಳದ್ದೂ ನಂದೂ ಒಂದೇ ಕಡೆಯ ಗಲಾಟೆನಾ?’ ಎಂದಳು ಅಕ್ಕ. ಹೆಚ್ಚುಕಮ್ಮಿ ಹೌದು ಎಂದೆ. ಅವಳು ಎದ್ದು ಹೋಗಿ, ಆ ಚಳಿಯಲ್ಲೂ ಫ್ಯಾನನ್ನು ಐದಕ್ಕೆ ತಿರುಗಿಸಿ ಬಂದಳು. ಮಗಳು ಸೋಫಾ ಮೇಲಿದ್ದ ಶಾಲು ಎಳೆದು ಹೊದ್ದುಕೊಂಡಳು.