ಪದ ಪರಿಚಯ: ‘ಸಾರ್’ ಹೆಲಿಕಾಪ್ಟರ್ ಮಿಲಿಟರಿಯದ್ದೋ, ಸಿವಿಲಿಯನ್ನೋ?

ಇದು ಮೇಷ್ಟ್ರನ್ನು ಕರೆಯುವ ‘ಸಾರ್’ ಅಲ್ಲ. ‘ಸರ್ಚ್ ಅಂಡ್ ರೆಸ್ಕ್ಯೂ’ ಎಂಬುದರ ಚುಟುಕು ರೂಪ. ಮುಳುಗುತ್ತಿರುವ ದೋಣಿಯಲ್ಲಿದ್ದವರನ್ನೋ, ಬೆಟ್ಟದಲ್ಲಿ ಕಾಲು ಮುರಿದುಕೊಂಡವರನ್ನೋ ಹುಡುಕಿ ಎತ್ತಿಕೊಂಡು ಬರುವ ಹೆಲಿಕಾಪ್ಟರ್‌ಗೆ ಈ ಹೆಸರು.

ಅದರ ಮುಂದೆ ‘ಸಿವಿಲಿಯನ್’ ಅಂತ ಸೇರಿಸಿದ ಕೂಡಲೇ, ದುಡ್ಡು ಕೊಟ್ಟರೆ ಮಾತ್ರ ಬರುತ್ತಾರೇನೋ ಅನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಹಾರಿಸುವವರು ಯಾರ ಸಂಬಳದವರು, ಯಾವ ಕಾನೂನಿಗೆ ಒಳಪಟ್ಟವರು ಅನ್ನುವುದಷ್ಟೇ ಆ ಪದಕ್ಕೆ ಗೊತ್ತು. ಕರೆ ಬಂದಾಗ ಕಳಿಸುವವರು ಯಾರು, ಖರ್ಚು ಯಾರದು ಅನ್ನುವುದು ಬೇರೆ ಮಾತು.

ಬ್ರಿಟನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವಾಯುಪಡೆಯ ಹಳದಿ ಸೀ ಕಿಂಗ್ ಹೆಲಿಕಾಪ್ಟರ್‌ಗಳು 1978ರಿಂದ ಈ ಕೆಲಸದಲ್ಲಿದ್ದವು. ಮೊದಲ ಉದ್ದೇಶ, ಕೆಟ್ಟ ವಿಮಾನದಿಂದ ಹಾರಿಕೊಂಡ ತಮ್ಮದೇ ಪೈಲಟ್‌ಗಳನ್ನು ಎತ್ತಿಕೊಂಡು ಬರುವುದು. ಆದರೆ ಬರುತ್ತಿದ್ದ ಕರೆಗಳಲ್ಲಿ ಬಹುಪಾಲು ಮೀನುಗಾರರದ್ದು, ಚಾರಣಿಗರದ್ದು. ಸೀ ಕಿಂಗ್‌ಗಳಿಗೂ ವಯಸ್ಸಾಯಿತು. 2013ರಲ್ಲಿ ಸರ್ಕಾರ ಬ್ರಿಸ್ಟೋ ಎಂಬ ಕಂಪನಿಗೆ ಗುತ್ತಿಗೆ ಕೊಟ್ಟಿತು. ಸುಮಾರು 160 ಕೋಟಿ ಪೌಂಡ್, ಹತ್ತು ನೆಲೆಗಳು. 2015ರ ಅಕ್ಟೋಬರ್‌ನಲ್ಲಿ ವಾಯುಪಡೆ ಬ್ರಿಟನ್‌ನಲ್ಲಿ ಈ ಕೆಲಸದಿಂದ ಹೊರಬಂತು. ಈಗ ಹೆಲಿಕಾಪ್ಟರ್ ಮೇಲೆ ಕೋಸ್ಟ್‌ಗಾರ್ಡ್‌ನ ಕೆಂಪು–ಬಿಳಿ ಬಣ್ಣ. ಕಳಿಸುವುದು ಕೋಸ್ಟ್‌ಗಾರ್ಡ್, ಹಾರಿಸುವುದು ಕಂಪನಿ. ಬದುಕಿ ಬಂದವರ ಕೈಗೆ ಬಿಲ್ ಬರುವುದಿಲ್ಲ. ಎಷ್ಟೋ ಪೈಲಟ್‌ಗಳಂತೂ ಸೇನೆ ಬಿಟ್ಟು ಬಂದ ಹಳಬರೇ.

ನೀರಲ್ಲಿ ಒದ್ದಾಡುತ್ತಿರುವವರಿಗೆ ಇದರಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಮಿಲಿಟರಿ, ಸಿವಿಲಿಯನ್ ಎರಡರಲ್ಲೂ ಸಾಮಾನ್ಯವಾಗಿ ನಾಲ್ಕು ಜನ: ಇಬ್ಬರು ಪೈಲಟ್, ವಿಂಚ್ (ತಂತಿ ಇಳಿಸಿ ಎತ್ತುವ ಯಂತ್ರ) ನಡೆಸುವವರು, ತಂತಿಯಲ್ಲಿ ತೂಗಿಕೊಂಡು ಕೆಳಗಿಳಿಯುವವರು. ಪೈಲಟ್‌ಗೆ ನೇರ ಕೆಳಗಿನದು ಕಾಣದು. ವಿಂಚ್ ನಡೆಸುವವರು ಬಾಗಿಲಲ್ಲಿ ಬಗ್ಗಿ ನೋಡುತ್ತಾ ‘ಮುಂದೆ, ಇನ್ನೂ ಸ್ವಲ್ಪ, ಬಲಕ್ಕೆ’ ಅನ್ನುತ್ತಿರುತ್ತಾರೆ. ಇಳಿದು ಬರುವ ತಂತಿಯನ್ನು ಕೆಳಗಿದ್ದವರು ತಕ್ಷಣ ಹಿಡಿಯಬಾರದು. ಹಾರುವಾಗ ಹೆಲಿಕಾಪ್ಟರ್‌ನಲ್ಲಿ ಸ್ಥಿರ ವಿದ್ಯುತ್ ತುಂಬಿಕೊಂಡಿರುತ್ತದೆ. ತಂತಿ ಮೊದಲು ನೀರಿಗೋ ಡೆಕ್‌ಗೋ ತಗುಲಲಿ, ಇಲ್ಲದಿದ್ದರೆ ಜೋರಾಗಿ ಶಾಕ್ ಹೊಡೆಯುತ್ತದೆ.

ಕಾಗದದ ಮೇಲೆ ಮಾತ್ರ ಗೆರೆ ಸ್ಪಷ್ಟ. 1944ರ ಷಿಕಾಗೊ ಒಪ್ಪಂದದ ಪ್ರಕಾರ ಸೇನೆ, ಪೊಲೀಸ್, ಕಸ್ಟಮ್ಸ್ ಕೆಲಸದ ವಿಮಾನಗಳು ‘ಸರ್ಕಾರಿ ವಿಮಾನ’ಗಳು. ನಾಗರಿಕ ವಿಮಾನಯಾನದ ಆ ಒಪ್ಪಂದ ಅವಕ್ಕೆ ಅನ್ವಯಿಸದು. ಕಂಪನಿಯ ಹೆಲಿಕಾಪ್ಟರ್ ಹಾಗಲ್ಲ. ಅದಕ್ಕೆ ನಾಗರಿಕ ನೋಂದಣಿ ಬೇಕು, ಪೈಲಟ್‌ಗೆ ನಾಗರಿಕ ಲೈಸೆನ್ಸ್ ಬೇಕು.

ಗೆರೆ ಅಳಿಸಿಹೋಗುವ ದೇಶಗಳೂ ಇವೆ. ನಾರ್ವೆಯಲ್ಲಿ ಹಾರಿಸುವುದು ವಾಯುಪಡೆಯ 330ನೇ ಸ್ಕ್ವಾಡ್ರನ್, ಆದರೆ ಸೇವೆಯ ಹೊಣೆ ನ್ಯಾಯ ಸಚಿವಾಲಯದ್ದು. ಅಮೆರಿಕದ ಕೋಸ್ಟ್‌ಗಾರ್ಡ್ ಸಶಸ್ತ್ರ ಪಡೆಯೇ ಹೌದು, ಆದರೂ ರಕ್ಷಣಾ ಇಲಾಖೆಯ ಕೆಳಗಿಲ್ಲ. ಇವನ್ನು ಯಾವ ಡಬ್ಬಿಗೆ ಹಾಕೋಣ? ನನ್ನ ಕೇಳಿದರೆ, ಸುಮ್ನೆ ‘ಮಿಲಿಟರಿ’ ಅಂದು ಮುಂದೆ ಹೋಗುವ ಬದಲು ‘ಯಾರು ಹಾರಿಸ್ತಾರೆ, ಯಾರು ಕಳಿಸ್ತಾರೆ’ ಅಂತ ಎರಡನ್ನೂ ಹೇಳುವುದೇ ವಾಸಿ.

ಒಂದು ಕಡೆ ಮಾತ್ರ ‘ಮಿಲಿಟರಿ’ ಪದವನ್ನು ಬಿಡುವ ಹಾಗಿಲ್ಲ. ಶತ್ರು ನೆಲದಲ್ಲಿ ಬಿದ್ದ ಪೈಲಟ್‌ನನ್ನು ತರುವುದಕ್ಕೆ ‘ಕಾಂಬ್ಯಾಟ್ ಸಾರ್’ ಅನ್ನುತ್ತಾರೆ. ಅಲ್ಲಿ ಹೆಲಿಕಾಪ್ಟರ್‌ಗೆ ಬಂದೂಕು ಬೇಕು, ಕಾವಲು ವಿಮಾನ ಬೇಕು. ಆ ಕೆಲಸ ಸೇನೆಯದ್ದೇ.