ಅಭಿಮಾನಿ ಬಳಗದ ಜಾಹೀರಾತು ಯಾರ ಲೆಕ್ಕಕ್ಕೆ?

ಲೋಕಸಭೆ ಚುನಾವಣೆ ಹೊತ್ತಲ್ಲಿ ಮನೆಗೆ ಬರುವ ಕರಪತ್ರವನ್ನು ಒಮ್ಮೆ ಸರಿಯಾಗಿ ನೋಡಿ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರ ಹೆಸರು, ಪ್ರಕಾಶಕರ ಹೆಸರು, ವಿಳಾಸ ಇರುತ್ತದೆ. ಎಷ್ಟು ಪ್ರತಿ ಅಂತಲೂ ಎಷ್ಟೋ ಸಲ ಇರುತ್ತದೆ. ಆಮೇಲೆ ಫೋನ್ ತೆಗೆಯಿರಿ. ಅದೇ ಅಭ್ಯರ್ಥಿಯನ್ನು ಹೊಗಳುವ, ಇಲ್ಲವೇ ಎದುರಾಳಿಯನ್ನು ಆಡಿಕೊಳ್ಳುವ ಒಂದು ವಿಡಿಯೊ. ಮೇಲೆ ‘ಪ್ರಾಯೋಜಿತ’ ಅಂತಿದೆ. ದುಡ್ಡು ಕೊಟ್ಟವರು ಯಾರು ಅಂತ ಒತ್ತಿದರೆ ಯಾವುದೋ ಪೇಜಿನ ಹೆಸರು. ಪಕ್ಷದ್ದಲ್ಲ, ಅಭ್ಯರ್ಥಿಯದ್ದೂ ಅಲ್ಲ.

ಕಾನೂನು ಬಲ್ಲವರು ಇಂಥವರನ್ನು ‘ಮೂರನೆಯವರು’ ಅಂತಾರೆ. ನಮ್ಮ ಫ್ಲೆಕ್ಸ್‌ಗಳ ಭಾಷೆಯಲ್ಲಿ ಹೇಳುವುದಾದರೆ ಅಭಿಮಾನಿ ಬಳಗ, ಹಿತೈಷಿಗಳು. ಇವರ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎನ್ನುವ ಜಗಳ ಇವತ್ತಿನದಲ್ಲ.

1951ರ ಜನಪ್ರತಿನಿಧಿ ಕಾಯ್ದೆ ಖರ್ಚಿಗೆ ಮಿತಿ ಹಾಕಿತು. ಮೊದಲ ಲೋಕಸಭೆಗೆ ಬಹುತೇಕ ರಾಜ್ಯಗಳಲ್ಲಿ 25,000 ರೂಪಾಯಿ. ಈಗ ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ 95 ಲಕ್ಷ. ಆದರೆ ಈ ಮಿತಿ ಇರುವುದು ಅಭ್ಯರ್ಥಿಗೆ ಮಾತ್ರ. ಅವರು ಅಥವಾ ಅವರ ಏಜೆಂಟ್ ಮಾಡಿದ, ಇಲ್ಲವೇ ಒಪ್ಪಿಗೆ ಕೊಟ್ಟ ಖರ್ಚಷ್ಟೇ ಲೆಕ್ಕ. ಪಕ್ಷಕ್ಕೆ ಮಿತಿಯೇ ಇಲ್ಲ. ಹಾಗಾದರೆ ಗೆಳೆಯರು ಖರ್ಚು ಮಾಡಿದರೆ?

ಈ ಪ್ರಶ್ನೆ ಸುಪ್ರೀಂ ಕೋರ್ಟ್‌ನಲ್ಲಿ ಜೋರಾಗಿ ಬಂದದ್ದು ದೆಹಲಿಯ ಸದರ್ ಕ್ಷೇತ್ರದ 1971ರ ಚುನಾವಣೆಯಿಂದ. ಅಲ್ಲಿ ಮಿತಿ ಇದ್ದದ್ದು 10,000 ರೂಪಾಯಿ. ಗೆದ್ದವರು ಅಮರನಾಥ್ ಚಾವ್ಲಾ, ತಕರಾರು ತೆಗೆದವರು ಸೋತ ಕನ್ವರ್ ಲಾಲ್ ಗುಪ್ತಾ. ಪ್ರಚಾರಸಭೆಗಳ ಖರ್ಚೆಲ್ಲ ಸೇರಿಸಿದರೆ ಮಿತಿ ದಾಟುತ್ತದೆ ಎಂಬುದು ವಾದ. 1974ರ ಅಕ್ಟೋಬರ್ 3ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಬೇರೆಯವರು ತನಗಾಗಿ ಖರ್ಚು ಮಾಡುವುದು ಗೊತ್ತಿದ್ದೂ ಅದರ ಲಾಭ ಪಡೆದು, ಬೇಡ ಅನ್ನದೆ ಸುಮ್ಮನಿದ್ದರೆ, ಅದು ಒಪ್ಪಿಗೆ ಕೊಟ್ಟ ಹಾಗೇ. ಲೆಕ್ಕ ಅಭ್ಯರ್ಥಿಯದ್ದೇ. ಚುನಾವಣೆ ರದ್ದಾಯಿತು.

ಮನೆ ಕಟ್ಟಿಸಿಕೊಂಡವನು ‘ಸಿಮೆಂಟ್ ತಂದದ್ದು ಭಾಮೈದ, ನನಗೇನೂ ಗೊತ್ತಿಲ್ಲ’ ಅಂದರೆ ಊರಲ್ಲಿ ಯಾರು ನಂಬುತ್ತಾರೆ? ಕೋರ್ಟ್ ಹೇಳಿದ್ದೂ ಹೆಚ್ಚು ಕಡಿಮೆ ಅಷ್ಟೇ.

ಆದರೆ ಈ ತೀರ್ಪು ಬಾಳಿದ್ದು ಹದಿನಾರು ದಿನ. ಅಕ್ಟೋಬರ್ 19ಕ್ಕೆ ಸುಗ್ರೀವಾಜ್ಞೆ ಬಂತು, ಆಮೇಲೆ ಸಂಸತ್ತಿನಲ್ಲಿ ತಿದ್ದುಪಡಿ. ಜನಪ್ರತಿನಿಧಿ ಕಾಯ್ದೆಯ 77ನೇ ಕಲಮಿಗೆ ಒಂದು ‘ವಿವರಣೆ’ ಸೇರಿತು. ಪಕ್ಷವಾಗಲಿ, ಯಾವುದೇ ಸಂಘವಾಗಲಿ, ಅಭ್ಯರ್ಥಿ ಮತ್ತು ಏಜೆಂಟ್ ಬಿಟ್ಟು ಬೇರೆ ಯಾರೇ ಆಗಲಿ ಮಾಡಿದ ಖರ್ಚು ಅಭ್ಯರ್ಥಿಯದ್ದಲ್ಲ. ಹಿಂದಿನ ಚುನಾವಣೆಗಳಿಗೂ ಇದು ಅನ್ವಯ. ಹೆಸರು ವಿವರಣೆ, ಕೆಲಸ ಮಾತ್ರ ಹಿತ್ತಿಲ ಬಾಗಿಲಿನದು. ಆಳುವವರು ಬದಲಾದರು, ಬಾಗಿಲು ಹಾಗೇ ಉಳಿಯಿತು. ಅದು ಎಲ್ಲರಿಗೂ ಬೇಕಾಗಿತ್ತು, ಅಲ್ವಾ?

1991ರ ಬೆಂಗಳೂರು ಉತ್ತರ ಚುನಾವಣೆಯ ತಕರಾರೂ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 1994ರಲ್ಲಿ ಕೋರ್ಟ್ ಇದೇ ವಿವರಣೆಯ ಬಗ್ಗೆ ಬೇಸರ ತೋಡಿಕೊಂಡಿತು. ಕಾನೂನು ಹೀಗಿರುವಾಗ ಕೈ ಕಟ್ಟಿದ ಹಾಗಿತ್ತು. 1996ರಲ್ಲಿ ಮತ್ತೊಂದು ತೀರ್ಪು ಬಂತು. ಆದಾಯ ತೆರಿಗೆಯವರಿಗೆ ಲೆಕ್ಕ ಒಪ್ಪಿಸದ ಪಕ್ಷಕ್ಕೆ ಈ ರಿಯಾಯಿತಿ ಸಿಗದು ಎಂದಿತು. ಕೊನೆಗೆ ವಿವರಣೆಯನ್ನು ತೆಗೆದದ್ದು 2003ರಲ್ಲಿ. ಈಗ ರಿಯಾಯಿತಿ ಇರುವುದು ಸ್ಟಾರ್ ಪ್ರಚಾರಕರ ಓಡಾಟದ ಖರ್ಚಿಗೆ.

ಹಾಗಾದರೆ ಬಾಗಿಲು ಮುಚ್ಚಿತಾ? ಕಾಗದದ ಮೇಲೆ ಮುಚ್ಚಿತು. ಆದರೆ ಅಭ್ಯರ್ಥಿಯ ಒಪ್ಪಿಗೆ ಇತ್ತು ಅಂತ ತೋರಿಸುವುದು ಇವತ್ತಿಗೂ ಕಷ್ಟ. ‘ಅವರ್ಯಾರೋ ನನಗೆ ಗೊತ್ತಿಲ್ಲ, ಪ್ರೀತಿಯಿಂದ ಹಾಕಿಸಿದ್ದಾರೆ’ ಅಂದುಬಿಟ್ಟರೆ ಮುಗಿಯಿತು.

ಟಿವಿ ಜಾಹೀರಾತಿನ ವಿಷಯದಲ್ಲಿ 2004ರ ಏಪ್ರಿಲ್ 13ರ ಸುಪ್ರೀಂ ಕೋರ್ಟ್ ಆದೇಶ ದೊಡ್ಡ ಹೆಜ್ಜೆ. ಪ್ರಸಾರಕ್ಕೆ ಮೊದಲೇ ಪರಿಶೀಲನೆ ಆಗಬೇಕು. ಪಕ್ಷ, ಅಭ್ಯರ್ಥಿ ಮೂರು ದಿನ ಮೊದಲು ಅರ್ಜಿ ಹಾಕಬೇಕು, ಉಳಿದವರು ಏಳು ದಿನ ಮೊದಲು. ಈ ‘ಉಳಿದವರು’ ಪ್ರಮಾಣ ಮಾಡಿ ಬರೆದುಕೊಡಬೇಕು: ಇದು ಯಾವ ಪಕ್ಷ, ಅಭ್ಯರ್ಥಿಯ ಲಾಭಕ್ಕೂ ಅಲ್ಲ, ಅವರಿಂದ ದುಡ್ಡೂ ಪಡೆದಿಲ್ಲ ಅಂತ. ಮೂರನೆಯವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದ ಒಳ್ಳೆಯ ಪ್ರಶ್ನೆ ಅದು.

ಇಂಟರ್ನೆಟ್ ಜಾಹೀರಾತಿಗೂ ಪೂರ್ವಾನುಮತಿ ಬೇಕು ಅಂತ ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲಿ ಹೇಳಿತು. ಅಭ್ಯರ್ಥಿ ತನ್ನ ಸೋಷಿಯಲ್ ಮೀಡಿಯಾ ಖಾತೆಗಳ ವಿವರ ಕೊಡಬೇಕು, ಖರ್ಚು ತೋರಿಸಬೇಕು ಅಂತಲೂ ಹೇಳಿತು. ಆದರೆ ಅಭ್ಯರ್ಥಿಯೂ ಅಲ್ಲದ, ಪಕ್ಷವೂ ಅಲ್ಲದ ಜನ ಹಾಕುವುದಕ್ಕೆ ಏನು ಮಾಡುವುದು? ಅದೇ ಸುತ್ತೋಲೆಯ ಕೊನೆಗೆ ಉತ್ತರವಿದೆ. ಸಚಿವಾಲಯದ ಜೊತೆ ಮಾತಾಡುತ್ತಿದ್ದೇವೆ, ದಾರಿ ಹುಡುಕುತ್ತಿದ್ದೇವೆ ಅಂತ. ಕಾಯಬೇಕಾದ ಫೈಲುಗಳ ಭಾಷೆ ನಮಗೆಲ್ಲ ಪರಿಚಯವೇ.

2019ರ ಮಾರ್ಚ್‌ನಲ್ಲಿ ಸೋಷಿಯಲ್ ಮೀಡಿಯಾ ಕಂಪನಿಗಳು ತಾವಾಗಿಯೇ ಒಂದು ನೀತಿಸಂಹಿತೆ ಒಪ್ಪಿಕೊಂಡವು. ಮತದಾನಕ್ಕೆ ಮುಂಚಿನ 48 ಗಂಟೆ ಪ್ರಚಾರ ಮಾಡಬಾರದೆಂಬ ನಿಯಮ ಮುರಿದ ಪೋಸ್ಟ್ ಬಗ್ಗೆ ಆಯೋಗ ಹೇಳಿದರೆ ಮೂರು ಗಂಟೆಯಲ್ಲಿ ಕ್ರಮ ತೆಗೆದುಕೊಳ್ಳುತ್ತೇವೆ ಎಂದವು. ಫೇಸ್‌ಬುಕ್, ಗೂಗಲ್ ರಾಜಕೀಯ ಜಾಹೀರಾತುಗಳ ಲೈಬ್ರರಿ ತೆರೆದಿಟ್ಟವು. ಅದನ್ನು ಕೆದಕಿದ ಪತ್ರಕರ್ತರಿಗೆ ಸಿಕ್ಕಿದ್ದು ಹೆಸರಿದ್ದೂ ಗುರುತಿಲ್ಲದ ಪೇಜುಗಳು.

ಇದನ್ನೆಲ್ಲ ಹಿಡಿಯಲು ಹಳೆಯ ಕಲಮು ಒಂದಿದೆ. 1920ರಲ್ಲೇ ದಂಡ ಸಂಹಿತೆಗೆ ಸೇರಿದ 171-ಎಚ್. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಗೆಲುವಿಗಾಗಿ ಜಾಹೀರಾತು ಕೊಟ್ಟರೆ ಅಪರಾಧ. ಗೆಲುವಿಗಾಗಿ ಅಂತಿದೆ, ಗಮನಿಸಿ. ಎದುರಾಳಿಯನ್ನು ಬರೀ ಹಳಿಯುವ ಜಾಹೀರಾತಿನ ಮಾತು ಅಲ್ಲಿ ನೇರವಾಗಿ ಇಲ್ಲ. ಫೋನಿಗೆ ಜಾಸ್ತಿ ಬರುವುದು ಅಂಥವೇ. ದಂಡ ಇದ್ದದ್ದು 500 ರೂಪಾಯಿ ತನಕ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು, ಆ ಕಲಮು 176 ಆಯಿತು, ದಂಡ 10,000ಕ್ಕೆ ಏರಿತು. ಅದರ ಬಾಲದಲ್ಲಿದ್ದ ವಿನಾಯಿತಿ ಮಾತ್ರ ಹಾಗೇ ಬಂದಿದೆ: ಖರ್ಚು ಹತ್ತು ರೂಪಾಯಿ ಮೀರದಿದ್ದರೆ, ಹತ್ತು ದಿನದೊಳಗೆ ಅಭ್ಯರ್ಥಿಯ ಒಪ್ಪಿಗೆ ಪತ್ರ ತಂದರೆ ಸಾಕು. ಹತ್ತು ರೂಪಾಯಿಗೆ ನಮ್ಮ ಬೀದಿಯಲ್ಲಿ ಐದು ಜೆರಾಕ್ಸ್ ಬರುತ್ತದೆ.